ಗುರುತಿನ ಚಿಹ್ನೆ ನಂಬರ್ ಎರಡು

ಶಾಲೆಯ ದಾಖಲಾತಿ ರಜಿಸ್ಟರಿನಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಗುರುತಿನ ಚಿಹ್ನೆ ಬರೆಯಲು ಒಂದು ಕಲಂ ಇರುತ್ತದೆ. ಎರಡು ಗುರುತು ಬರೆಯಬೇಕು. ಎಡಗೈ ಮೇಲೆ ಸುಟ್ಟ ಕಲೆ, ಬಲ ಮೊಣಕಾಲಿಗೆ ಗಾಯದ ಗುರುತು, ಹೀಗೆ. ಕಡಲಿಬಾವಿಯ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಆ ಕಲಂ ತುಂಬಿದವಳು ನಾನು. ಮಡಿವಾಳೆಪ್ಪನ ಮಗಳು ಅಮೃತಾಳ ಮುಂದೆ ನನ್ನ ಕೈಬರಹದಲ್ಲಿ ಇವತ್ತಿಗೂ ಹೀಗಿದೆ: ಒಂದು, ಬಲಗೆನ್ನೆಯ ಮೇಲೆ ಕಪ್ಪು ಮಚ್ಚೆ. ಎರಡು, ಸಾಮಾಜಿಕ ಆತಂಕ ವ್ಯಾಧಿ.

ನಗಬೇಡಿ. ನನ್ನ ಜಾಗದಲ್ಲಿ ನೀವಿದ್ದಿದ್ದರೆ ಎಲ್ಲಿ ಬರೆಯುತ್ತಿದ್ದಿರಿ? ರಜಿಸ್ಟರಿನಲ್ಲಿ ರೋಗಕ್ಕೆ ಕಲಂ ಇಲ್ಲ. ಹುಡುಗಿಯನ್ನು ಒಂದನೇ ಇಯತ್ತೆಗೆ ಸೇರಿಸುವಾಗ ಮೈಯೆಲ್ಲ ಹುಡುಕಿದರೂ ಒಂದೇ ಮಚ್ಚೆ ಸಿಕ್ಕಿತ್ತು, ಎರಡನೆಯ ಗುರುತಿನ ಜಾಗ ಖಾಲಿ ಉಳಿದಿತ್ತು. ಖಾಲಿ ಜಾಗ ಕಂಡರೆ ನನಗೆ ಆಗುವುದಿಲ್ಲ.

ನನ್ನ ಹೆಸರು ರೇವವ್ವ. ಆ ಹೆಸರು ಊರಿನಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರಿಗೂ ನಾನು ಅಕ್ಕೋರು, ನಮ್ಮ ಕಡೆ ಟೀಚರಮ್ಮನನ್ನು ಕರೆಯುವುದೇ ಹಾಗೆ. ಗುಡಗೇರಿ ಸ್ಟೇಶನ್ನಿನಿಂದ ನಾಲ್ಕು ಕಿಲೋಮೀಟರು ಎರೆಮಣ್ಣಿನ ದಾರಿ ತುಳಿದರೆ ನಮ್ಮ ಊರು. ಅಲ್ಲಿ ಈಗ ನಲವತ್ತು ದಾಟದ ಯಾರನ್ನು ಹಿಡಿದು ಕೇಳಿದರೂ ಮಗ್ಗಿ ತಪ್ಪದೆ ಹೇಳುತ್ತಾರೆ. ಅದು ನನ್ನ ಕೆಲಸ. ಹುಣಸೆ ಬರಲಿನ ಕೋಲು ಮೇಜಿನ ಮೇಲೆ ಇರುತ್ತಿತ್ತು ನಿಜ, ಆದರೆ ಅದನ್ನು ಎತ್ತಿದ್ದು ಕಡಿಮೆ. ನನ್ನ ಬಾಯಿಯೇ ಸಾಕಾಗುತ್ತಿತ್ತು. ಒಬ್ಬೊಬ್ಬರಿಗೂ ಒಂದೊಂದು ಹೆಸರಿಡುತ್ತಿದ್ದೆ: ಕುಂಬಳಕಾಯಿ, ಮೊಂಡಗತ್ತಿ, ಬೆಕ್ಕಿನ ಮರಿ, ಉದ್ದಿನವಡಿ. ಮಕ್ಕಳಿಗೆ ಅದು ಬಲು ಖುಷಿ. ತರಗತಿಗೆ ತರಗತಿಯೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಈಗಿನ ಮಾಸ್ತರರಿಗೆ ಮಕ್ಕಳನ್ನು ನಗಿಸಲು ಮೊಬೈಲ್ ಬೇಕು.

ಎರಡು ಸಾವಿರದ ಏಳನೆಯ ಇಸವಿ. ಅಮೃತಾ ಆಗ ಮೂರನೇ ಇಯತ್ತೆ, ಎಂಟು ವರ್ಷ. ಮೇಲಿನಿಂದ ಒಂದು ಸುತ್ತೋಲೆ ಬಂತು. ಮಕ್ಕಳ ದೇಹ ಮತ್ತು ಮನಸ್ಸಿನ ಆರೋಗ್ಯ ತಪಾಸಣಾ ಶಿಬಿರವಂತೆ, ಪ್ರತಿ ಶಾಲೆಯಿಂದ ಕಡಿಮೆಯೆಂದರೂ ಐದು ಮಕ್ಕಳನ್ನು ಗುರುತಿಸಿ ಕರೆತರಬೇಕಂತೆ. ಮೆಳ್ಳೆಗಣ್ಣಿನವರು ಇಬ್ಬರು ಸಿಕ್ಕರು. ಕಿವಿ ಸೋರುವವನೊಬ್ಬ, ಉಗ್ಗುವವನೊಬ್ಬ. ನಾಲ್ಕಾಯಿತು. ಐದನೆಯದಕ್ಕೆ ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಕಣ್ಣಿಗೆ ಬಿದ್ದವಳು ಇವಳು. ತೆರೆದ ಬಾಗಿಲಿನ ಹಿಂದೆ, ಗೋಡೆಗೂ ಬಾಗಿಲಿಗೂ ನಡುವಿನ ಸಂದಿಯಲ್ಲಿ ಹೋಗಿ ನಿಲ್ಲುವ ಚಾಳಿ ಅವಳದು. ಜೂನ್ ತಿಂಗಳಿನಿಂದ ತರಗತಿಯಲ್ಲಿ ಒಂದಕ್ಷರ ಮಾತಾಡಿರಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು, ಅಷ್ಟೆ.

ಶಿಬಿರದವರು ಒಂದು ಫಾರ್ಮು ಕೊಟ್ಟಿದ್ದರು. ಹದಿನಾಲ್ಕು ಪ್ರಶ್ನೆ. ನಾಲ್ಕು ಜನರ ಮುಂದೆ ಮಾತಾಡಲು ಹೆದರುತ್ತದೆಯೇ? ಹೌದು. ಅಡಗಿಕೊಳ್ಳುತ್ತದೆಯೇ? ಹೌದು. ಮನೆಯಲ್ಲಿ ಮಾತಾಡುತ್ತದೆಯೇ? ಅವರ ಮನೆಗೆ ನಾನೇಕೆ ಹೋಗಲಿ. ಗೊತ್ತಿಲ್ಲ ಎಂದು ಬರೆದೆ. ಕಡೆಯ ಪ್ರಶ್ನೆ: ತರಗತಿಯಲ್ಲಿ ಮಗುವಿಗೆ ಹೆದರಿಕೆ ಹುಟ್ಟಿಸುವಂಥದ್ದು ಏನಾದರೂ ಇದೆಯೇ? ಇಲ್ಲ ಎಂದು ಬರೆದು ಕೆಳಗೆ ಗೆರೆ ಎಳೆದೆ.

ಶಿಬಿರದಲ್ಲಿದ್ದವಳು ಸಣ್ಣ ವಯಸ್ಸಿನ ಡಾಕ್ಟರಮ್ಮ. ಊಟದ ಹೊತ್ತಿಗೆ ಆಗಲೇ ಅರವತ್ತು ಮಕ್ಕಳನ್ನು ನೋಡಿ ಮುಖ ಬಾಡಿತ್ತು. ಅಮೃತಾಳನ್ನು ಏನೇನೋ ಕೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ, ಹುಡುಗಿ ತುಟಿ ಎರಡು ಮಾಡಲಿಲ್ಲ. ಡಾಕ್ಟರಮ್ಮ ನನ್ನ ಫಾರ್ಮು ಓದಿ, ಚೀಟಿಯಲ್ಲಿ ರೋಗದ ಹೆಸರು ಬರೆದಳು. ಕೊಡುವಾಗ ಒಂದು ಮಾತು ಹೇಳಿದಳು.

"ಟೀಚರ್, ಇದು ಇವತ್ತು ಕಂಡದ್ದು ಅಷ್ಟೇ. ಸಣ್ಣ ಮಕ್ಕಳ ಹೆದರಿಕೆ ಒಂದೇ ಥರ ಉಳಿಯೋದಿಲ್ಲ. ಆರು ತಿಂಗಳು ಬಿಟ್ಟು ಮತ್ತೆ ಕರ್ಕೊಂಡು ಬನ್ನಿ, ಹೊಸದಾಗಿ ನೋಡೋಣ."

ಆರು ತಿಂಗಳು ಬಿಟ್ಟು ನನಗೆ ಚುನಾವಣೆ ಡ್ಯೂಟಿ ಬಂತು. ಡಾಕ್ಟರಮ್ಮನಿಗೂ ಬೇರೆ ಊರಿಗೆ ವರ್ಗವಾಗಿತ್ತಂತೆ. ಮತ್ತೆ ನೋಡಿ ಏನಾಗಬೇಕಿತ್ತು ಹೇಳಿ? ಒಮ್ಮೆ ಬರೆದದ್ದು ಬರೆದ ಹಾಗೆ ಇರಬೇಕು, ಅದಕ್ಕೇ ಅಲ್ಲವೇ ಶಾಯಿ ಇರುವುದು. ಚೀಟಿ ನೋಡಿ ರಜಿಸ್ಟರಿಗೆ ಏರಿಸಿದೆ. ಹೊಲ ಮನೆ ಬಿಟ್ಟರೆ ಬೇರೆ ಗೊತ್ತಿಲ್ಲದ ಮಡಿವಾಳೆಪ್ಪ ಕೈಮುಗಿದು, "ಅಕ್ಕೋರ, ನೀವ ಕಂಡಹಿಡದ್ರಿ ಅಂತ ಆತು, ಇಲ್ಲಂದ್ರ ನಮಗೇನ ತಿಳಿತಿತ್ರಿ" ಎಂದ. ಅವತ್ತು ಮನೆಗೆ ಬಂದು ನಾನು ಎರಡು ಕಪ್ಪು ಚಹಾ ಕುಡಿದೆ.

ಮಡಿವಾಳೆಪ್ಪ ಅಷ್ಟಕ್ಕೇ ಸುಮ್ಮನಾಗಲಿಲ್ಲ. ದರ್ಗಾದ ಯಾಕೂಬಸಾಬನ ಹತ್ತಿರ ಹೋಗಿ ಅಂಜಿಕೆಗೆ ತಾಯತ ಕಟ್ಟಿಸಿಕೊಂಡು ಬಂದ. ನನಗೆ ಮೈಯೆಲ್ಲ ಉರಿಯಿತು. ಇಲ್ಲಿ ವಿಜ್ಞಾನ ಮಾತಾಡಿದೆ, ಅಲ್ಲಿ ಇವನು ಕರಿದಾರ ಕಟ್ಟಿಸುತ್ತಿದ್ದಾನೆ! ಯಾಕೂಬಸಾಬ ಒಂಬತ್ತು ಶುಕ್ರವಾರ ಎಂದು ಹೇಳಿದ್ದನಂತೆ. ಒಂಬತ್ತು ಆದ ಮೇಲೆ ಸೈಕಲ್ ಹೊಡೆದುಕೊಂಡು ತಾನೇ ಬಂದು, ಅಂಗಳದಲ್ಲಿ ಕುಂಟಬಿಲ್ಲೆ ಆಡುತ್ತ ವಾರಿಗೆಯವರ ಜೊತೆ ಜಗಳಕ್ಕೆ ನಿಂತಿದ್ದ ಹುಡುಗಿಯನ್ನು ಒಂದು ಗಳಿಗೆ ನೋಡಿದ. "ಇನ್ನ ಬ್ಯಾಡ ತಗೀರಿ ಮಡಿವಾಳೆಪ್ಪಣ್ಣ, ಇದರ ಕೆಲಸ ಮುಗದೈತಿ" ಎಂದು ತಾಯತ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋದ. ಸುದ್ದಿ ಕೇಳಿ ನಾನು ನಕ್ಕೆ. ಇದು ಕಾಗದದ ಮೇಲಿರುವ ರೋಗ, ಇವನು ಬಿಚ್ಚಿದರೆ ಹೋಗುತ್ತದೆಯೇ?

ನಾಲ್ಕನೇ ಇಯತ್ತೆಗೆ ಜಹೀರುದ್ದೀನ ಸರ್ ಹೊಸದಾಗಿ ಬಂದರು. ಮೆತ್ತನೆಯ ಮನುಷ್ಯ, ಮಕ್ಕಳಿಗೂ ಬಹುವಚನ ಹಚ್ಚಿ ಮಾತಾಡುವವರು. ಜುಲೈ ತಿಂಗಳ ಒಂದು ದಿನ ಪಕ್ಕದ ಕೋಣೆಯಿಂದ ಪದ್ಯ ಓದುವ ದನಿ ಕೇಳಿಬಂತು. ಸಣ್ಣ ದನಿ, ಆದರೆ ಸ್ಪಷ್ಟ. ಕಿಟಕಿಯಿಂದ ನೋಡಿದರೆ ಅಮೃತಾ. ನಾನು ಮಧ್ಯಾಹ್ನ ಜಹೀರುದ್ದೀನ ಸರ್‌ಗೆ ಎಚ್ಚರಿಕೆ ಹೇಳಿದೆ: "ಸರ್, ನಂಬಬ್ಯಾಡ್ರಿ. ರೋಗ ಒಮ್ಮೊಮ್ಮೆ ಹಿಂಗ ಅಡಗತೈತಿ." ಅವರು ಹೌದ್ರಿ ಎಂದರು. ಅವರು ನನ್ನ ಯಾವ ಮಾತಿಗೂ ಇಲ್ಲ ಎಂದವರಲ್ಲ.

ಏಳನೇ ಇಯತ್ತೆ ಮುಗಿದು ಅವಳು ಹೈಸ್ಕೂಲಿಗೆ ಹೋಗುವಾಗ ವರ್ಗಾವಣೆ ಪತ್ರ ಬರೆದವಳೂ ನಾನೇ. ರಜಿಸ್ಟರಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಇಳಿಸಬೇಕು, ಅದು ನಿಯಮ. ಇಳಿಸಿದೆ. ಹೈಸ್ಕೂಲಿನ ಗುಮಾಸ್ತನೂ ನಿಯಮದ ಮನುಷ್ಯ. ಅವನೂ ತನ್ನ ರಜಿಸ್ಟರಿಗೆ ಇಳಿಸಿಕೊಂಡ. ಅಲ್ಲಿಂದ ಕಾಲೇಜು, ಕಾಲೇಜಿನಿಂದ ಡಿ.ಎಡ್. ಮೂರು ಗುಮಾಸ್ತರು, ಮೂರು ಬಗೆಯ ಕೈಬರಹ, ರೋಗ ಮಾತ್ರ ಅದೇ. ಬಲಗೆನ್ನೆಯ ಮಚ್ಚೆ ಬಿಸಿಲಿಗೆ ಕಂದಿದ ಮೈಬಣ್ಣದಲ್ಲಿ ಕಾಣದ ಹಾಗಾಯಿತು, ಎರಡನೆಯ ಗುರುತು ಮಾಸಲಿಲ್ಲ.

ಹೈಸ್ಕೂಲಿನಲ್ಲಿ ಬೆಳಗಿನ ಪ್ರಾರ್ಥನೆಯ ಹೊತ್ತು ಸುದ್ದಿ ಓದಲು ಮಕ್ಕಳನ್ನು ಆರಿಸಿದರು. ಅಮೃತಾ ಕೈ ಎತ್ತಿದಳು. ಮಾಸ್ತರರು ರಜಿಸ್ಟರು ತೆಗೆದು ನೋಡಿ, "ಬ್ಯಾಡ ಬೇ, ನಿನಗ ತ್ರಾಸ ಆದೀತು" ಎಂದು ಕೂರಿಸಿದರು. ಭಾಷಣ ಸ್ಪರ್ಧೆಗೂ ಹಾಗೇ. ಕ್ರೀಡಾಕೂಟದ ದಿನ ಮೈಕು ಅವಳ ಹತ್ತಿರ ಹೋಗದ ಹಾಗೆ ಒಬ್ಬ ಹುಡುಗನನ್ನು ನಿಲ್ಲಿಸಿದ್ದರಂತೆ, ಅವಳ ಒಳ್ಳೆಯದಕ್ಕೇ.

ಆ ದಿನಗಳಲ್ಲೇ ಗುಡಗೇರಿ ಸಂತೆಯಲ್ಲಿ ನಾನು ಅವಳನ್ನು ಕಂಡೆ. ಅವ್ವನ ಜೊತೆ ಮೆಂತ್ಯೆ ಸೊಪ್ಪು ಮಾರಲು ಕೂತಿದ್ದಳು. "ಹತ್ತಕ್ಕ ಎರಡ ಸಿವುಡ! ಹಸಿ ಮೆಂತೇ ಬರ್ರೀ!" ಎಂದು ಕೂಗುತ್ತಿದ್ದಳು ನೋಡಿ, ಪಕ್ಕದಲ್ಲಿ ನಿಂತಿದ್ದ ಬಸ್ಸಿನ ಹಾರ್ನು ಕೇಳಿಸಲಿಲ್ಲ. ಒಬ್ಬ ಗಿರಾಕಿ ಸಿವುಡು ಸಣ್ಣದಾಯಿತು ಎಂದದ್ದಕ್ಕೆ ಅವನ ಏಳು ತಲೆಮಾರು ತೊಳೆದಳು. ನಾನು ಸಿವುಡು ಹಿಡಿದು ನಿಂತೇ ಯೋಚಿಸಿದೆ: ಪಾಪ, ರೋಗದ ಒತ್ತಡ ಹೀಗೂ ಹೊರಬೀಳುತ್ತದೆ.

ಕಾಲೇಜಿಗೆ ಹುಬ್ಬಳ್ಳಿಗೆ ಸೇರಿದಳು. ಹಾಸ್ಟೆಲಿನಲ್ಲಿ ಎಂಟು ದಿನ ಇದ್ದು, ಗಂಟು ಕಟ್ಟಿಕೊಂಡು ಬಂದು, ದಿನಾ ರೈಲಿನಲ್ಲಿ ಹೋಗಿಬರಲು ಶುರು ಮಾಡಿದಳು. ಕಾಲೇಜಿಗೆ ಬರುತ್ತಿದ್ದ ಸಲಹೆಗಾರರು ಹಳೆಯ ಪತ್ರ ನೋಡಿದರು, ಹಾಸ್ಟೆಲ್ ಬಿಟ್ಟದ್ದನ್ನು ಕೇಳಿದರು, ಇದು ಈಗ ಅಗಲಿಕೆಯ ಆತಂಕವಾಗಿ ತಿರುಗಿದೆ ಎಂದು ಬರೆದರು. ಆ ಹಾಸ್ಟೆಲಿನಲ್ಲಿ ಎರಡು ಹೊತ್ತೂ ಅನ್ನ, ರೊಟ್ಟಿಯ ಸುದ್ದಿಯೇ ಇರಲಿಲ್ಲ ಎಂದು ಅವಳು ಹೇಳಿದಳಂತೆ. ಅದಕ್ಕೆ ಅವರ ಪುಸ್ತಕದಲ್ಲಿ ಹೆಸರಿರಲಿಲ್ಲ. ಮುಂದೆ ಡಿ.ಎಡ್‌ನಲ್ಲಿ ಫಲಿತಾಂಶ ಯಾವತ್ತು ಎಂದು ಆಫೀಸಿಗೆ ಮೂರು ಸಲ ಹೋಗಿ ಕೇಳಿದ್ದಕ್ಕೆ ಅಲ್ಲಿಯವರು ಇನ್ನೊಬ್ಬ ಡಾಕ್ಟರರ ಹತ್ತಿರ ಕಳಿಸಿದರು. ಅವರು ಎಲ್ಲದಕ್ಕೂ ಚಿಂತೆ ಮಾಡುವ ಆತಂಕ ಎಂದರು. ಹೀಗೆ ರೋಗಕ್ಕೆ ಮೂರು ಹೆಸರಾದವು. ಫೈಲು ಮಾತ್ರ ದಪ್ಪಗಾಗುತ್ತಲೇ ಹೋಯಿತು. ಮಡಿವಾಳೆಪ್ಪ ಅದನ್ನು ಸೀರೆ ಅಂಗಡಿಯ ಚೀಲದಲ್ಲಿ ಸುತ್ತಿ, ಹೊಲದ ಉತಾರಿ ಕಾಗದಗಳ ಜೊತೆ ಜಗಲಿ ಮೇಲಿನ ಟ್ರಂಕಿನಲ್ಲಿ ಇಟ್ಟಿದ್ದ.

ಇಪ್ಪತ್ತೆರಡನೆಯ ವಯಸ್ಸಿಗೆ ಅಮೃತಾಳೇ ಆ ಚೀಲ ಎತ್ತಿಕೊಂಡು, ಅಪ್ಪನನ್ನೂ ಎಳೆದುಕೊಂಡು, ಜಿಲ್ಲೆಯ ಊರಿನಲ್ಲಿ ಒಬ್ಬ ಡಾಕ್ಟರರ ಹತ್ತಿರ ಹೋದಳು. ಅವರು ಕಾಗದಗಳನ್ನು ಒಂದೊಂದಾಗಿ ಓದಿ, ಅವಳ ಜೊತೆ ಒಂದು ತಾಸು ಮಾತಾಡಿ, "ಸದ್ಯ ಯಾವ ಕಾಯಿಲೆಯೂ ಕಾಣುವುದಿಲ್ಲ" ಎಂದು ಬರೆದುಕೊಟ್ಟರು. ಮಕ್ಕಳಿಗೆ ಇಂಥ ಹೆಸರು ಕೊಟ್ಟು ಬಿಟ್ಟರೆ ಆಗದು ಎಂದರಂತೆ. ಕೆಲವರಿಗೆ ಖರೆ ಇರುತ್ತದೆ, ಉಳಿಯುತ್ತದೆ, ಅವರಿಗೆ ಔಷಧ ಆರೈಕೆ ಬೇಕು. ಕೆಲವರಿಗೆ ಒಂದು ಹೋಗಿ ಇನ್ನೊಂದು ಬರುತ್ತದೆ. ಎಷ್ಟೋ ಮಕ್ಕಳಿಗೆ ಹೋಗಿಯೇ ಬಿಡುತ್ತದೆ. ಯಾರಿಗೆ ಯಾವುದು ಎಂದು ತಿಳಿಯಲು ಮತ್ತೆ ಮತ್ತೆ ನೋಡಬೇಕು, ನಿನ್ನನ್ನು ಯಾರೂ ಹೊಸದಾಗಿ ನೋಡಿಲ್ಲ, ಎಲ್ಲರೂ ಹಳೇ ಕಾಗದ ನೋಡಿದ್ದಾರೆ ಎಂದರಂತೆ. ಎಲ್ಲ ಕೇಳಿ ಮಡಿವಾಳೆಪ್ಪ, "ಆತ್ರಿ ಸಾಹೇಬ್ರ, ಏನೂ ಇಲ್ಲ ಅಂದ್ರ ಗುಳಿಗಿ ಊಟಕ್ಕ ಮೊದಲೋ ನಂತರೋ?" ಎಂದು ಕೇಳಿದನಂತೆ.

ಆ ಕಾಗದವೂ ಚೀಲದೊಳಗೆ ಹೋಯಿತು. ಏನೂ ಇಲ್ಲ ಎಂದು ಇಳಿಸಿಕೊಳ್ಳಲು ಯಾವ ಗುಮಾಸ್ತನ ರಜಿಸ್ಟರಿನಲ್ಲೂ ಕಲಂ ಇರಲಿಲ್ಲ.

ಇನ್ನು ಈ ವರ್ಷದ ಮಾತು. ನಮ್ಮ ಶಾಲೆಯಲ್ಲಿ ಒಂದು ಅತಿಥಿ ಶಿಕ್ಷಕರ ಜಾಗ ಬಂತು. ಮೂರನೇ ಇಯತ್ತೆಗೇ. ಅಮೃತಾಳಿಗೆ ಈಗ ಇಪ್ಪತ್ತಾರು, ಡಿ.ಎಡ್ ಆಗಿದೆ, ಅರ್ಹತಾ ಪರೀಕ್ಷೆ ಮೊದಲ ಸಲಕ್ಕೇ ಪಾಸಾಗಿದ್ದಾಳೆ, ಮೂರು ವರ್ಷದಿಂದ ಓಣಿಯ ಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಪುಕ್ಕಟೆ ಕಲಿಸುತ್ತಿದ್ದಾಳೆ. ಅವಳಿಗೆ ಬೇಕಾಗಿದ್ದದ್ದು ಈ ಭೂಮಿಯ ಮೇಲೆ ಆ ಒಂದು ಕೆಲಸ, ಆ ಒಂದು ಕೋಣೆ. ಇನ್ನೊಂದು ಅರ್ಜಿ ಶಾಲಾ ಸಮಿತಿಯ ಅಧ್ಯಕ್ಷ ಈರೇಶನ ತಮ್ಮನ ಹೆಂಡತಿ ಸೌಂದರ್ಯಾಳದು. ಅಂಕ ನೋಡಿದರೆ ಅಮೃತಾಳೇ ಮುಂದೆ. ಆದರೆ ಈರೇಶನ ಕೈಗೆ ಅವಳ ವರ್ಗಾವಣೆ ಪತ್ರದ ಜೆರಾಕ್ಸ್ ಸಿಕ್ಕಿತು. ಗುರುತಿನ ಚಿಹ್ನೆ ನಂಬರ್ ಎರಡಕ್ಕೆ ಅವನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಶುಕ್ರವಾರ ಸಭೆ ಕರೆದ. ಅವತ್ತು ಅವಳ ಹೆಸರು ಬಿದ್ದುಹೋದರೆ ಮುಂದೆ ಯಾವ ಶಾಲೆಗೆ ಹೋದರೂ ಇದೇ ಜೆರಾಕ್ಸ್ ಅವಳಿಗಿಂತ ಮೊದಲು ಹೋಗಿ ಕೂತಿರುತ್ತದೆ.

ಗುರುವಾರ ಅಮೃತಾ ನನ್ನ ಮನೆಗೆ ಬಂದಳು. ಕಟ್ಟೆಯ ಮೇಲೆ ಕೂರಲಿಲ್ಲ.

"ಅಕ್ಕೋರ, ನೀವ ಬರದದ್ದು. ನಾಳೆ ನೀವ ಬಂದು ಒಂದ ಮಾತ ಹೇಳ್ರಿ."

"ಏನಂತ ಹೇಳಲಿ? ನಾ ಬರದದ್ದು ಸುಳ್ಳು ಅಂತ ಹೇಳಲೇನು? ಡಾಕ್ಟರ ಚೀಟಿ ನೋಡಿ ಬರದೇನಿ ನಾನು!"

ಅವಳು ಹೊರಡಲು ತಿರುಗಿದಳು. ನನಗೆ ಕರುಣೆ ಬಂತು. ನಾನೇನು ಕಲ್ಲಲ್ಲ. ಒಂದು ದಾರಿ ಹೊಳೆಯಿತು, ಅವಳಿಗೂ ಕೆಲಸ ಸಿಗುತ್ತದೆ, ನನ್ನ ಮಾತೂ ಉಳಿಯುತ್ತದೆ.

"ನೋಡ ಬೇ, ನಾಳೆ ಸಭಾದಾಗ ನಾ ನಿನ್ನ ಕೇಳ್ತೇನಿ. ನೀ ಇಷ್ಟ ಅನ್ನು: ಆಗ ರೋಗ ಇತ್ರಿ, ಅಕ್ಕೋರು ಹಿಡದು ತೋರಿಸಿದ್ದಕ್ಕ ಅರಾಮ ಆತ್ರಿ. ಮುಂದಿಂದು ನಾ ನೋಡಕೋತೇನಿ. ಈರೇಶ ನನ್ನ ಮುಂದ ಬಾಯಿ ತಗಿಯೂದಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ಬರ್ತೇನ್ರಿ" ಎಂದು ಹೊರಟುಹೋದಳು. ಒಪ್ಪಿದಳು ಎಂದೇ ನಾನು ತಿಳಿದೆ.

ಶುಕ್ರವಾರ ಹನ್ನೊಂದಕ್ಕೆ ಸಭೆ. ಸಮಿತಿಯಲ್ಲಿ ಒಂಬತ್ತು ಮಂದಿ, ಎಲ್ಲರೂ ನನ್ನ ಕೈಯಲ್ಲೇ ಕಲಿತವರು. ಜಹೀರುದ್ದೀನ ಸರ್ ಈಗ ಮುಖ್ಯ ಗುರುಗಳು. ನಾನು ಹೊಸ್ತಿಲು ದಾಟಿದ್ದೇ ಒಂಬತ್ತೂ ಜನ ಧಡಕ್ಕನೆ ಎದ್ದು ನಿಂತರು. ಈರೇಶ ಬಾಯಲ್ಲಿದ್ದ ಗುಟಕಾ ಉಗುಳಲು ಜಾಗ ಕಾಣದೆ ನುಂಗಿದ. ಆಮೇಲೆ ಸಭೆ ಮುಗಿಯುವವರೆಗೂ ಬಿಕ್ಕಳಿಸುತ್ತಿದ್ದ. ಅಮೃತಾಳ ತರಗತಿಯವನೇ ಆದ ಸುಭಾಸ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ನಿವೃತ್ತಿಯಾಗಿ ಆರು ವರ್ಷವಾದರೂ ಇಷ್ಟು ಗೌರವ! ನನಗೆ ಎದೆ ತುಂಬಿ ಬಂತು.

ಈರೇಶ ಜೆರಾಕ್ಸ್ ಮುಂದೆ ಇಟ್ಟ. "ಅಕ್ಕೋರ, ಇದು ನಿಮ್ಮ ಅಕ್ಷರನ ಐತ್ರಿ. ನಾವೇನ ಸ್ವಂತದ್ದು ಹೇಳೂದಿಲ್ಲರಿ. ಮಕ್ಕಳ ಮುಂದ ನಿಂತು ಮಾತಾಡೂ ಕೆಲಸ. ಮಾತಾಡಾಕ ಅಂಜೂ ರೋಗ ಇದ್ದಾರಿಗೆ ಹೆಂಗ ಕೊಡೂದು, ನೀವ ಹೇಳ್ರಿ" ಎಂದು ಬಿಕ್ಕಳಿಸಿದ.

"ಹೇಳ್ತೇನಿ ತಡಿ." ನಾನು ಅಮೃತಾಳ ಕಡೆ ತಿರುಗಿದೆ. ಗೋಡೆಯ ಪಕ್ಕ ನೆಟ್ಟಗೆ ನಿಂತಿದ್ದಳು. "ಮೂರನೇ ಇಯತ್ತೆದಾಗ ನೀ ಯಾಕ ಮಾತಾಡ್ತಿರಲಿಲ್ಲ? ಕಮಿಟಿಗೆ ಹೇಳು."

"ನಿಮಗ ಅಂಜಿದ್ನಿರಿ, ಅಕ್ಕೋರ."

ನನಗೆ ಸರಿಯಾಗಿ ಕೇಳಿಸಿತು. ಎಲ್ಲರಿಗೂ ಕೇಳಿಸಿತು.

"ಸಾಲಿ ಚಾಲೂ ಆದ ಎರಡನೇ ದಿನ ಪದ್ಯ ಓದು ಅಂದ್ರಿ. ಓದಿದೆ. ‘ಯಾರಲೇ ಅದು, ಬೆಕ್ಕಿನ ಮರಿ ಒದರಾಕತ್ತೈತಿ’ ಅಂದ್ರಿ. ಎಲ್ಲಾರೂ ನಕ್ಕರು. ಮರುದಿನ ನಾ ಬಾಯಿ ತಗದ ಕೂಡ್ಲೆ ಹಿಂದಿನ ಸಾಲಿನಾಗ ಮ್ಯಾಂವ್ ಅಂದ್ರು. ನೀವೂ ನಕ್ರಿ. ಆವತ್ತಿಂದ ಮಾತಾಡಲಿಲ್ರಿ. ನಾಲ್ಕನೇ ಇಯತ್ತೆಕ್ಕ ಸರ್ ಬಂದ್ರು. ಅವರು ಏನೂ ಅನ್ನಲಿಲ್ಲ, ಮಾತಾಡಿದೆ. ಅಷ್ಟರಿ. ಇದನ್ನ ಆ ಡಾಕ್ಟರಮ್ಮಗ ಹೇಳಬೇಕಂದ್ರ ನೀವು ಬಾಜೂಕ ನಿಂತಿದ್ರಿ."

"ಬಾಯಿ ಮುಚ್ಚ!" ಎಂದೆ ನಾನು. ಕೆಲಸ ಬೇಕಾದವಳು ಆಡುವ ಮಾತೇ ಇದು? ನಾನು ದಾರಿ ಹಾಕಿಕೊಟ್ಟಿದ್ದೆ, ಅದರ ಮೇಲೆ ನಡೆದಿದ್ದರೆ ಆಗುತ್ತಿತ್ತು. "ಲೇ ಸುಭಾಸ, ನೀನೂ ಅದ ವರ್ಗದಾಗ ಇದ್ದಿ. ನಾ ಹಂಗ ಅಂದಿದ್ನೇನೋ?"

ಸುಭಾಸ ನೆಲ ನೋಡಿದ. ಎರಡು ಎಕರೆ ಮೆಣಸಿನಕಾಯಿ ಬೆಳೆಯುವ, ಮೀಸೆ ಹೊತ್ತ ಗಂಡಸು. "ನೆನಪಿಲ್ರಿ ಅಕ್ಕೋರ" ಎಂದ. ಕಿವಿ ಕೆಂಪಾಗಿದ್ದವು. ಮ್ಯಾಂವ್ ಎಂದವನು ಅವನೇ ಇರಬೇಕು.

"ಈರೇಶ, ನೀ ಹೇಳು. ನಾ ಮಕ್ಕಳಿಗೆ ಅಂಜಿಕಿ ಹುಟ್ಟಸ್ತಿದ್ನೇನು?"

"ಇಲ್ರಿ!" ಎಂದ ಈರೇಶ.

"ಮತ್ತ ಯಾರಿಗರೆ ನಾ ಅಂದ್ರ ಅಂಜಿಕಿ ಐತೇನು?"

"ಇಲ್ರೀ ಅಕ್ಕೋರಾ!" ಒಂಬತ್ತೂ ಬಾಯಿ ಒಟ್ಟಿಗೆ ಕೂಗಿದವು, ಮಗ್ಗಿ ಒಪ್ಪಿಸುವ ಅದೇ ರಾಗದಲ್ಲಿ. ಆಗ ನಾನು ನೋಡಿದೆ. ಒಂಬತ್ತು ಜನರಲ್ಲಿ ಒಬ್ಬರೂ ಇನ್ನೂ ಕೂತಿರಲಿಲ್ಲ. ಎಲ್ಲರ ಕೈಗಳೂ ಬೆನ್ನ ಹಿಂದೆ ಇದ್ದವು. ಈರೇಶ ಬಿಕ್ಕಳಿಕೆಯನ್ನೂ ನನ್ನ ಕಣ್ಣು ತಪ್ಪಿಸಿ ಬಿಕ್ಕಳಿಸುತ್ತಿದ್ದ. ಅವನಿಗೆ ನಾನಿಟ್ಟಿದ್ದ ಹೆಸರು ಕುಂಬಳಕಾಯಿ. ಮೂವತ್ನಾಲ್ಕು ವರ್ಷದವನು, ಎರಡು ಮಕ್ಕಳ ತಂದೆ.

ಜಹೀರುದ್ದೀನ ಸರ್ ಒಂದು ಹೆಜ್ಜೆ ಮುಂದೆ ಬಂದರು. "ಅಕ್ಕೋರ, ತಪ್ಪ ತಿಳಿಬ್ಯಾಡ್ರಿ. ಹನ್ನೊಂದು ವರ್ಷ ದಿನಾ ಮಧ್ಯಾಹ್ನ ನೀವು ಕೊಟ್ಟ ಸಕ್ರಿ ಚಾ ಕುಡದೇನ್ರಿ. ನನಗ ಸಕ್ರಿ ಆಗೂದಿಲ್ಲ. ಹೇಳಾಕ ಧೈರ್ಯ ಆಗಲಿಲ್ಲ."

ಕೋಣೆಯಲ್ಲಿ ಹತ್ತು ಜನ ನನ್ನ ಮುಖ ನೋಡಲಾರದೆ ನಿಂತಿದ್ದರು. ನನ್ನ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದವಳು ಒಬ್ಬಳೇ, ಗುರುತಿನ ಚಿಹ್ನೆ ನಂಬರ್ ಎರಡು. ನಾನು ಬರೆದ ಫಾರ್ಮು ನೆನಪಾಯಿತು. ಕಡೆಯ ಪ್ರಶ್ನೆ, ಇಲ್ಲ, ಕೆಳಗೆ ಗೆರೆ. ಮೂರನೇ ಇಯತ್ತೆಯ ಒಂದು ಕೂಸು ಹತ್ತು ತಿಂಗಳು ಬಾಗಿಲ ಸಂದಿಯಲ್ಲಿ ನಿಂತದ್ದು ನೆನಪಾಯಿತು. ಶಿವನೇ, ನಾಚಿಕೆಯಿಂದ ಸತ್ತುಹೋಗಬೇಕು ಅನಿಸಿತು. ಇಲ್ಲ ಎಂದು ಒಂದು ಮಾತು ಗದರಿದ್ದರೆ ಸಾಕಿತ್ತು. ಆ ಹತ್ತೂ ಜನ ಹೌದ್ರಿ ಎನ್ನುತ್ತಿದ್ದರು, ನನ್ನ ಇಪ್ಪತ್ತಾರು ವರ್ಷ ಸುರಕ್ಷಿತವಾಗಿ ಉಳಿಯುತ್ತಿತ್ತು.

"ಬರಕೋರಿ ಸರ್" ಎಂದೆ. "ಅಮೃತಾ ಹೇಳಿದ್ದು ಖರೇ ಐತಿ. ರೋಗ ಆಕಿದಲ್ಲ. ನನ್ನ ಬಾಯಿದು."

ಈರೇಶ ತಡವರಿಸಿದ. ಅವನ ಕಣ್ಣು ಒಮ್ಮೆ ಜೆರಾಕ್ಸಿನ ಮೇಲೆ, ಒಮ್ಮೆ ನನ್ನ ಮೇಲೆ. ಮನೆಯಲ್ಲಿ ತಮ್ಮನ ಹೆಂಡತಿಗೆ ಏನು ಉತ್ತರ ಹೇಳಲಿ ಎಂಬ ಸಂಕಟ ಮುಖದ ಮೇಲೆ ಕುಣಿಯುತ್ತಿತ್ತು. "ನೀವ ಅಂದ ಮ್ಯಾಲ ಮುಗೀತ್ರಿ" ಎಂದು ಕೈ ಎತ್ತಿದ. ಉಳಿದ ಎಂಟು ಕೈ ಎದ್ದವು. ಅಮೃತಾಳ ಹೆಸರು ಠರಾವಾಯಿತು. ಎಷ್ಟು ಜನ ಒಪ್ಪಿ ಎತ್ತಿದರೋ, ಎಷ್ಟು ಜನ ನನಗೆ ಅಂಜಿ ಎತ್ತಿದರೋ, ನಾನು ಕೇಳಲಿಲ್ಲ. ಬಾಗಿಲ ಹೊರಗೆ ಚೀಲ ಹಿಡಿದು ನಿಂತಿದ್ದ ಮಡಿವಾಳೆಪ್ಪ ಮಾತ್ರ ಗೊಳೋ ಎಂದು ಅತ್ತುಬಿಟ್ಟ.

ರಜಿಸ್ಟರಿನಲ್ಲಿ ಅದನ್ನು ಹೊಡೆದುಹಾಕಿ ಎಂದೆ. ಜಹೀರುದ್ದೀನ ಸರ್ ಬೆವರು ಒರೆಸಿಕೊಂಡು, ಅದಕ್ಕೆ ಅರ್ಜಿ ಬೇಕು, ಕೋರ್ಟಿನ ಪ್ರಮಾಣಪತ್ರ ಬೇಕು, ಮೇಲಿನವರ ಮಂಜೂರಾತಿ ಬೇಕು, ಮಚ್ಚೆಯಾದರೆ ಸಲೀಸು, ರೋಗ ತೆಗೆಯಲು ನಿಯಮದಲ್ಲಿ ದಾರಿ ಇದೆಯೋ ಇಲ್ಲವೋ ಕೇಳಬೇಕು ಎಂದರು. ಅರ್ಜಿ ಹಾಕಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.

ಜುಲೈ ಮೊದಲ ವಾರ ಅಮೃತಾ ಕೆಲಸಕ್ಕೆ ಹಾಜರಾದಳು. ಸಭೆಯಲ್ಲಿ ಖರೇ ಎಂದಿದ್ದೆ ನಿಜ, ಅವಳಿಗೆ ನೇರ ತಪ್ಪಾಯಿತು ಎಂದು ಹೇಳಿರಲಿಲ್ಲ. ಹೇಳಲೇಬೇಕು ಎಂದು ಮನೆಯಲ್ಲಿ ಕನ್ನಡಿಯ ಮುಂದೆ ನಾಲ್ಕು ಸಲ ಅಭ್ಯಾಸ ಮಾಡಿಕೊಂಡು, ಇಸ್ತ್ರಿ ಸೀರೆ ಉಟ್ಟು ಹೊರಟೆ. ಅದೇ ಕೋಣೆ. ಒಳಗಿನಿಂದ ಪದ್ಯ ಓದಿಸುವ ಅವಳ ದನಿ ಕೇಳುತ್ತಿತ್ತು. ಹೊಸ್ತಿಲ ಒಳಗೆ ಒಂದು ಕಾಲಿಟ್ಟೆ. ನಾಲಿಗೆ ಒಣಗಿತು, ಎದೆ ಢವಢವ ಹೊಡೆಯತೊಡಗಿತು, ಕಲಿತ ಮಾತೆಲ್ಲ ಮರೆತುಹೋಯಿತು. ಯಾರಾದರೂ ನೋಡಿಬಿಟ್ಟರೆ ಎಂದು ಪಕ್ಕಕ್ಕೆ ಸರಿದೆ. ಸರಿದದ್ದು ಬಾಗಿಲ ಹಿಂದಿನ ಸಂದಿಗೆ.

"ಅಕ್ಕೋರ, ಬಾಗಲದ ಹಿಂದ ಯಾರೋ ಅಜ್ಜಿ ನಿಂತಾಳ್ರಿ!" ಎಂದಿತು ಒಂದು ಕೂಸು. ಅಕ್ಕೋರು ಎಂದದ್ದು ನನಗಲ್ಲ.

ಅಮೃತಾ ಬಂದಳು. ನಗಲಿಲ್ಲ. ಏಕೆ ಬಂದಿರಿ ಎಂದೂ ಕೇಳಲಿಲ್ಲ. ಒಂದು ಕುರ್ಚಿ ತಂದು ಕಡೆಯ ಸಾಲಿನ ಪಕ್ಕ ಹಾಕಿ, "ಇಲ್ಲಿ ಕುಂದರ್ರಿ. ಮಾತಾಡಬೇಕು ಅನಿಸಿದಾಗ ಮಾತಾಡ್ರಿ, ಅವಸರ ಇಲ್ಲ" ಎಂದು ಹೇಳಿ ಹೋಗಿ ಪದ್ಯ ಮುಂದುವರಿಸಿದಳು.

ಅವತ್ತು ಮಾತು ಬರಲಿಲ್ಲ. ಮರುದಿನ ಹೋದೆ, ಬರಲಿಲ್ಲ. ಮೂರನೆಯ ದಿನ ಪದ್ಯ ಮುಗಿದು ಮಕ್ಕಳು ಪಾಟಿ ಬಳಪ ತೆಗೆಯುತ್ತಿದ್ದಾಗ ಎದ್ದು ನಿಂತೆ. "ನಂದ ತಪ್ಪಾತ ಬೇ, ಅಮೃತಾ" ಎಂದೆ. ಅದು ನನ್ನ ದನಿ ಎಂದು ನನಗೇ ನಂಬಿಕೆಯಾಗಲಿಲ್ಲ. ಅಷ್ಟು ಸಣ್ಣದಾಗಿ, ಬೆಕ್ಕಿನ ಮರಿ ಕೂಗಿದ ಹಾಗೆ ಹೊರಬಂತು.

ಮೂವತ್ತೊಂದು ಮಕ್ಕಳು ತಿರುಗಿ ನೋಡಿದರು. ಒಬ್ಬರೂ ನಗಲಿಲ್ಲ.